ಐವತ್ತೈದಕ್ಕೋ, ಅರವತ್ತಕ್ಕೋ, ಅದರಾಚೆಗೋ: ನಿವೃತ್ತಿಯ ವಯಸ್ಸು ಮತ್ತು ನೆನಪಿನ ಶಕ್ತಿ

"ಸಾಕಾಯ್ತು, ವಿಆರ್‌ಎಸ್ ತಗೊಂಡು ಆರಾಮಾಗಿರ್ತೀನಿ" ಎನ್ನುವವರೂ "ಮನೇಲಿ ಕೂತರೆ ಮಂಕು ಹಿಡಿಯುತ್ತೆ, ಕೈಕಾಲು ಆಡೋವರೆಗೂ ದುಡೀತೀನಿ" ಎನ್ನುವವರೂ ತುಮಕೂರಿನ ಒಂದೇ ಕಚೇರಿಯ ಅಕ್ಕಪಕ್ಕದ ಮೇಜುಗಳಲ್ಲಿ ಸಿಗುತ್ತಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಯಾರಿಗೆ ಯಾವುದು ಒಗ್ಗುತ್ತದೆ ಎಂಬುದನ್ನು ವಯಸ್ಸಿಗಿಂತ ಮೂರು ಸಂಗತಿಗಳು ಹೆಚ್ಚು ನಿರ್ಧರಿಸುತ್ತವೆ: ಈಗ ಮಾಡುತ್ತಿರುವ ಕೆಲಸ ಎಂಥದ್ದು, ಬಿಪಿ, ಶುಗರ್, ಕಿವಿ ಯಾವ ಸ್ಥಿತಿಯಲ್ಲಿವೆ, ಮತ್ತು ಕೆಲಸ ಬಿಟ್ಟ ಮೇಲೆ ಬರುವ ಮೊದಲ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಎಲ್ಲಿರುತ್ತೀರಿ. ಮೂರನೆಯದಕ್ಕೆ ಉತ್ತರ ಇಲ್ಲದವರು ವಿಆರ್‌ಎಸ್‌ನ, ಅಂದರೆ ಸ್ವಯಂನಿವೃತ್ತಿಯ, ಅರ್ಜಿ ಬರೆಯಬಾರದು ಎಂಬುದೇ ನಮ್ಮ ಖಚಿತ ಸಲಹೆ.

ಅಧ್ಯಯನಗಳು ಹೇಳುವುದು, ಅವನ್ನು ಎಷ್ಟು ನಂಬಬೇಕು

ಈ ವಿಷಯದಲ್ಲಿ ಹೆಚ್ಚು ಚರ್ಚೆಯಾದದ್ದು 2010ರಲ್ಲಿ ಸುಸಾನ್ ರೋವೆಡರ್ ಮತ್ತು ರಾಬರ್ಟ್ ವಿಲ್ಲಿಸ್ ಪ್ರಕಟಿಸಿದ ಲೇಖನ. ಅಮೆರಿಕ, ಇಂಗ್ಲೆಂಡ್ ಮತ್ತು ಯುರೋಪಿನ ಹಲವು ದೇಶಗಳಲ್ಲಿ ಅರವತ್ತರ ಆರಂಭದಲ್ಲಿದ್ದವರ ನೆನಪನ್ನು ಅವರು ಹೋಲಿಸಿದರು. ಪರೀಕ್ಷೆ ಸರಳ. ಹತ್ತು ಪದ ಓದಿ ಹೇಳುತ್ತಾರೆ, ತಕ್ಷಣ ನೆನಪಾದಷ್ಟು ಹೇಳಬೇಕು. ನಡುವೆ ಬೇರೆ ಪ್ರಶ್ನೆಗಳನ್ನು ಕೇಳಿ, ಕೆಲವು ನಿಮಿಷ ಬಿಟ್ಟು ಅದೇ ಪದಗಳನ್ನು ಮತ್ತೆ ಕೇಳುತ್ತಾರೆ. ಒಟ್ಟು 20 ಅಂಕ. ಪಿಂಚಣಿ ನಿಯಮಗಳು ಜನರನ್ನು ಬೇಗ ಮನೆಗೆ ಕಳಿಸುವ ದೇಶಗಳಲ್ಲಿ ಅಂಕ ಕಡಿಮೆ ಬಂತು.

ಬ್ರಿಟನ್ನಿನ ಸರ್ಕಾರಿ ನೌಕರರನ್ನು ದಶಕಗಳ ಕಾಲ ಹಿಂಬಾಲಿಸಿದ ವೈಟ್‌ಹಾಲ್ ಅಧ್ಯಯನದ 2018ರ ವಿಶ್ಲೇಷಣೆಯಲ್ಲಿ, ನಿವೃತ್ತಿಯ ನಂತರ ಪದಗಳ ನೆನಪು ಕುಗ್ಗುವ ವೇಗ ನಿವೃತ್ತಿಗೆ ಮುಂಚಿನದಕ್ಕಿಂತ ಶೇ. 38ರಷ್ಟು ಹೆಚ್ಚಿತ್ತು. ತರ್ಕಶಕ್ತಿಯಂಥ ಬೇರೆ ಸಾಮರ್ಥ್ಯಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಇನ್ನೊಂದು ಅಂಶವನ್ನು ನಮ್ಮ ಅಧಿಕಾರಿಗಳು ಗಮನಿಸಬೇಕು. ದೊಡ್ಡ ಹುದ್ದೆಯಲ್ಲಿದ್ದವರಿಗೆ ಕೆಲಸದಲ್ಲಿ ಇರುವಷ್ಟು ಕಾಲ ಒಂದು ರಕ್ಷಣೆ ಇತ್ತು, ಕುರ್ಚಿ ಬಿಟ್ಟ ಮೇಲೆ ಅದು ಉಳಿಯಲಿಲ್ಲ. ಫ್ರಾನ್ಸಿನಲ್ಲಿ ಸ್ವಂತ ಉದ್ಯೋಗದಲ್ಲಿದ್ದ 4.29 ಲಕ್ಷ ಜನರ ದಾಖಲೆ ನೋಡಿದಾಗ, ನಿವೃತ್ತಿ ಒಂದೊಂದು ವರ್ಷ ಮುಂದಕ್ಕೆ ಹೋದಂತೆ ಡಿಮೆನ್ಷಿಯಾದ (ಮರೆವಿನ ಕಾಯಿಲೆಯ) ಅಪಾಯ ಸುಮಾರು ಶೇ. 3ರಷ್ಟು ಕಡಿಮೆ ಇತ್ತು.

ಇದನ್ನು ಓದಿ 'ಹಾಗಾದರೆ ಸಾಯುವವರೆಗೂ ದುಡಿಯಬೇಕು' ಎಂಬ ತೀರ್ಮಾನಕ್ಕೆ ಬಂದರೆ ಎಡವುತ್ತೀರಿ. ಮೆದುಳಿನ ಕಾಯಿಲೆ ಹೊರಗೆ ಕಾಣಿಸುವ ಎಷ್ಟೋ ವರ್ಷ ಮೊದಲೇ ಒಳಗೆ ಶುರುವಾಗಿರುತ್ತದೆ. ಲೆಕ್ಕ ತಪ್ಪುತ್ತಿದೆ, ಫೈಲು ಮುಂದೆ ಹೋಗುತ್ತಿಲ್ಲ ಎನ್ನಿಸಿದವರು ತಾವಾಗಿಯೇ ಬೇಗ ಹೊರಬರುತ್ತಾರೆ. ಆಮೇಲೆ ನೋಡುವವರಿಗೆ ನಿವೃತ್ತಿಯಿಂದಲೇ ಮರೆವು ಬಂದಂತೆ ತೋರುತ್ತದೆ. ಅಮೆರಿಕದ ಇನ್ನೊಂದು ವಿಶ್ಲೇಷಣೆಯಲ್ಲಿ (2012) ಮೇಜಿನ ಕೆಲಸದವರಿಗೆ ನಿವೃತ್ತಿಯಿಂದ ಹಾನಿ ಕಾಣಲಿಲ್ಲ, ಮೈಮುರಿದು ದುಡಿಯುವವರಿಗೆ ಒಳ್ಳೆಯದೇ ಆಗಿರುವ ಸೂಚನೆ ಇತ್ತು.

ನಮ್ಮ ಹಳ್ಳಿಗಳಿಗೆ ಹೆಚ್ಚು ಹತ್ತಿರವಾದದ್ದು ಚೀನಾದ ಗ್ರಾಮೀಣ ಪಿಂಚಣಿ ಯೋಜನೆಯ ಅನುಭವ. ಪಿಂಚಣಿ ಬರತೊಡಗಿದ ಮೇಲೆ ಜನರ ನಿದ್ದೆ ಸುಧಾರಿಸಿತು, ಕುಡಿತ ಕಡಿಮೆಯಾಯಿತು. ಆದರೂ ನೆನಪಿನ ಅಂಕ ಇಳಿಯಿತು, ಹೆಂಗಸರಲ್ಲಿ ಹೆಚ್ಚು ಇಳಿಯಿತು. ಜನರೊಂದಿಗೆ ಬೆರೆಯುವುದು, ಊರಿನ ಕೆಲಸಕ್ಕೆ ಕೈಜೋಡಿಸುವುದು ಕಡಿಮೆಯಾಗಿತ್ತು. ಅಂದರೆ ಸಂಬಳದ ಕೆಲಸ ನಿಲ್ಲುವುದಕ್ಕಿಂತ ಅದರ ಜೊತೆಗೆ ಜನಸಂಪರ್ಕ ನಿಲ್ಲುವುದೇ ಹೆಚ್ಚು ಹೊಡೆತ ಕೊಡುತ್ತದೆ. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟು ಮುಂದಿನ ಆಯ್ಕೆಗಳನ್ನು ತೂಗಬೇಕು.

ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4 ಜನರಿಗೆ, ಅಂದರೆ ಸುಮಾರು 88 ಲಕ್ಷ ಮಂದಿಗೆ, ಡಿಮೆನ್ಷಿಯಾ ಇದೆ ಎಂಬುದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಂದಾಜು. ಹಳ್ಳಿಗಳಲ್ಲಿ, ಹೆಂಗಸರಲ್ಲಿ, ಓದದವರಲ್ಲಿ ಪ್ರಮಾಣ ಹೆಚ್ಚು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 2018ರಿಂದ 45 ದಾಟಿದ ಹಳ್ಳಿಗರನ್ನು ನೋಂದಾಯಿಸಿ, ಮತ್ತೆ ಮತ್ತೆ ಪರೀಕ್ಷಿಸುವ ದೊಡ್ಡ ಅಧ್ಯಯನ ನಡೆಸುತ್ತಿದೆ. ಗುರಿ 10,000 ಜನ. ಪಿಂಚಣಿಯ ತಾರೀಖೇ ಇಲ್ಲದ, ಮಾವಿನ ತೋಪು, ಹಸು, ರೇಷ್ಮೆ ನೋಡಿಕೊಳ್ಳುವ ಮಂದಿಯ ಮೆದುಳು ಹೇಗೆ ಮುಪ್ಪಾಗುತ್ತದೆ ಎಂಬುದಕ್ಕೆ ಲಂಡನ್ನಿನ ಗುಮಾಸ್ತರ ಲೆಕ್ಕಕ್ಕಿಂತ ಇದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಬೇಗ ಹೊರಬರುವುದು: 50ರಿಂದ 57

ರಾಜ್ಯ ಸರ್ಕಾರಿ ನೌಕರರು 15 ವರ್ಷದ ಅರ್ಹತಾ ಸೇವೆ ಮುಗಿಸಿದ್ದರೆ ಅಥವಾ 50 ತಲುಪಿದ್ದರೆ 3 ತಿಂಗಳ ನೋಟಿಸ್ ಕೊಟ್ಟು ಸ್ವಯಂನಿವೃತ್ತಿ ಕೇಳಬಹುದು. ಖಾಸಗಿಯವರಿಗೆ ಪಿಎಫ್ ಜೊತೆಗಿನ ಪಿಂಚಣಿ 58ಕ್ಕೆ ಪೂರ್ತಿ ಸಿಗುತ್ತದೆ. 10 ವರ್ಷ ಸೇವೆ ಇದ್ದರೆ 50ರಿಂದಲೇ ಪಡೆಯಬಹುದು, ಆದರೆ 58ಕ್ಕೆ ಎಷ್ಟು ವರ್ಷ ಕಡಿಮೆಯೋ ವರ್ಷಕ್ಕೆ ಶೇ. 4ರಂತೆ ಖೋತಾ. ಆ ಖೋತಾ ಜೀವಮಾನಪೂರ್ತಿ ಉಳಿಯುತ್ತದೆ.

ಇದು ಯಾರಿಗೆ ಒಳ್ಳೆಯದು? ವಸಂತನರಸಾಪುರದ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ರಾತ್ರಿ ಪಾಳಿ ಮಾಡಿ ನಿದ್ದೆ ಕೆಡಿಸಿಕೊಂಡವರಿಗೆ. ಭಾರ ಹೊರುವ, ಧೂಳು ಕುಡಿಯುವ ಕೆಲಸದವರಿಗೆ. ಕೆಲಸದ ಒತ್ತಡದಿಂದ ಬಿಪಿ ಹತೋಟಿಗೆ ಬಾರದವರಿಗೆ. ಪಾವಗಡ, ಬಾಗೇಪಲ್ಲಿ ಕಡೆ ಫ್ಲೋರೈಡ್ ನೀರು ಕುಡಿದು ಕೀಲು ಬಿಗಿದವರ ದೇಹ ಮನಸ್ಸಿಗಿಂತ ಮೊದಲೇ ಸೋಲುತ್ತದೆ. ಅವರನ್ನು ಅರವತ್ತರವರೆಗೆ ಎಳೆಯುವುದರಲ್ಲಿ ಅರ್ಥವಿಲ್ಲ. ಬೆಳಿಗ್ಗೆ ಐದೂವರೆಗೆ ಮನೆ ಬಿಟ್ಟು ರೈಲಿನಲ್ಲಿ ಬೆಂಗಳೂರಿಗೆ ಹೋಗಿ ರಾತ್ರಿ ಒಂಬತ್ತಕ್ಕೆ ಮರಳುವವರಿಗೂ ದಿನಕ್ಕೆ ನಾಲ್ಕು ಗಂಟೆ ಉಳಿಯುತ್ತದೆ. ಆದರೆ ಒಂದು ಮಾತು. ತುಮಕೂರು, ಮಾರಿಕುಪ್ಪಂ ರೈಲುಗಳ ಪಾಸಿನವರ ಗುಂಪು ಇಪ್ಪತ್ತು ವರ್ಷ ಒಟ್ಟಿಗೆ ಹರಟಿದ ಬಳಗ. ಕೆಲಸದ ಜೊತೆ ಅದೂ ಒಂದೇ ದಿನದಲ್ಲಿ ಕೈತಪ್ಪುತ್ತದೆ ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಯಾರಿಗೆ ಬೇಡ? ಪಾಠ ಮಾಡುವವರು, ಲೆಕ್ಕಪತ್ರ ನೋಡುವವರು, ಯೋಜನೆ ತಯಾರಿಸುವವರು, ದಿನಕ್ಕೆ ಐವತ್ತು ಜನರೊಡನೆ ಮಾತಾಡುವವರು ಬೇರೆ ಏರ್ಪಾಡಿಲ್ಲದೆ ಬೇಗ ಹೊರಬಂದರೆ ಕಳೆದುಕೊಳ್ಳುವುದೇ ಹೆಚ್ಚು. ಅವರ ಕೆಲಸವೇ ಅವರ ಮೆದುಳಿಗೆ ಪ್ರತಿದಿನದ ವ್ಯಾಯಾಮ.

ಬೇಗ ಬಿಟ್ಟವರು ಚುರುಕಾಗಿಯೇ ಇದ್ದರಲ್ಲ ಎಂದು ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನು ಹೆಸರಿಸುವವರಿದ್ದಾರೆ. ನಿಜ, ಅವರು 1908ರಲ್ಲಿ, ಐವತ್ತೂ ತುಂಬುವ ಮೊದಲೇ, ಮುಂಬೈ ಸರ್ಕಾರದ ಸೇವೆ ಬಿಟ್ಟರು. ಮರುವರ್ಷವೇ ಮೈಸೂರಿನ ಮುಖ್ಯ ಎಂಜಿನಿಯರ್ ಆದರು, 1912ರಿಂದ 1918ರವರೆಗೆ ದಿವಾನರಾಗಿದ್ದರು, ಆಮೇಲೂ ದಶಕಗಳ ಕಾಲ ಕಾರ್ಖಾನೆ, ನೀರಾವರಿಗಳ ಯೋಚನೆಯಲ್ಲೇ ಇದ್ದರು. ಮಾಲೂರು ತಾಲ್ಲೂಕಿನ ಮಾಸ್ತಿಯವರು ಐವತ್ತು ದಾಟುತ್ತಿದ್ದಂತೆ ಸರ್ಕಾರಿ ಹುದ್ದೆಗೆ ರಾಜೀನಾಮೆ ಕೊಟ್ಟು, ಬರೆಯುತ್ತಲೇ ಇದ್ದು, 1983ರಲ್ಲಿ 92ನೆಯ ವಯಸ್ಸಿನಲ್ಲಿ ಜ್ಞಾನಪೀಠ ಪಡೆದರು. ಇಬ್ಬರ ಉದಾಹರಣೆಯಿಂದ ವಿಜ್ಞಾನದ ನಿಯಮ ಹೊರಡುವುದಿಲ್ಲ. ಆದರೆ ಇಬ್ಬರೂ ಬಿಟ್ಟದ್ದು ಹುದ್ದೆಯನ್ನು. ಹೊಸ ಸಮಸ್ಯೆಗೆ ತಲೆ ಕೊಡುವುದನ್ನು ಅವರು ಒಂದು ದಿನವೂ ಬಿಡಲಿಲ್ಲ.

ಅರವತ್ತಕ್ಕೆ, ತಾರೀಖು ಬಂದಾಗ

ಹೆಚ್ಚಿನವರ ದಾರಿ ಇದೇ. ಹಣದ ದೃಷ್ಟಿಯಿಂದ ಅತ್ಯಂತ ಸುರಕ್ಷಿತ. ಖಾಸಗಿಯವರು 58ಕ್ಕೆ ಸಿಗುವ ಪಿಎಫ್ ಪಿಂಚಣಿಯನ್ನು 60ರವರೆಗೆ ಮುಂದೂಡಿದರೆ ವರ್ಷಕ್ಕೆ ಶೇ. 4 ಹೆಚ್ಚಾಗುತ್ತದೆ ಎಂಬುದೂ ನೆನಪಿರಲಿ. ಇಲ್ಲಿನ ಅಪಾಯ ಹಠಾತ್ ನಿಲುಗಡೆ. ತಿಂಗಳ ಕೊನೆಯ ದಿನ ಹಾರ, ಶಾಲು, ಫಲತಾಂಬೂಲ. ಮಾರನೆಯ ದಿನದಿಂದ ಎದ್ದು ಹೋಗಲು ಜಾಗವಿಲ್ಲ. ಮೊದಲ ಮೂರು ತಿಂಗಳು ಪಿಂಚಣಿ ಕಾಗದ, ನೆಂಟರ ಮನೆ, ಧರ್ಮಸ್ಥಳ, ತಿರುಪತಿ ಎಂದು ಕಳೆಯುತ್ತದೆ. ನಾಲ್ಕನೆಯ ತಿಂಗಳಿನಿಂದ ಹಗಲು ನಿದ್ದೆ, ಟಿವಿ ಸೇರಿಕೊಳ್ಳುತ್ತವೆ. ಕಚೇರಿಗೆ ಹೊರಡುವಾಗ ತಿಂಡಿಯ ಜೊತೆ ನುಂಗುತ್ತಿದ್ದ ಬಿಪಿ ಮಾತ್ರೆ, ತಿಂಡಿಯ ಹೊತ್ತೇ ಅಲ್ಲಾಡಿದ್ದರಿಂದ ತಪ್ಪುತ್ತದೆ. ಕಚೇರಿಯ ಮೆಟ್ಟಿಲು, ಬಸ್ ನಿಲ್ದಾಣದ ನಡಿಗೆ ಎರಡೂ ಇಲ್ಲವಾಗಿ ಸಕ್ಕರೆ ಏರುತ್ತದೆ. ಒಂದೊಂದೂ ಸಣ್ಣದು, ಆದರೆ ಎಲ್ಲವೂ ಮೆದುಳಿನ ರಕ್ತನಾಳಗಳ ಮೇಲೇ ಬೀಳುತ್ತವೆ.

ಇದರ ಜೊತೆಗೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಈ ನಮ್ಮ ಮೂರೂ ಜಿಲ್ಲೆಗಳಲ್ಲಿ ಸಾಮಾನ್ಯವಾದ ಇನ್ನೊಂದು ತಪ್ಪು: ನಿವೃತ್ತಿಯಾದ ತಿಂಗಳೇ ಊರಿನ ಮನೆಗೆ ಬೀಗ ಹಾಕಿ ಬೆಂಗಳೂರಿನ ಮಗನ ಫ್ಲ್ಯಾಟಿಗೆ ಹೋಗುವುದು. ಮೊಮ್ಮಕ್ಕಳ ಸಂಗ ನಿಜಕ್ಕೂ ಒಳ್ಳೆಯದು. ಆದರೆ ಗುರುತಿನ ಅಂಗಡಿ, ದೇವಸ್ಥಾನ, ಗೆಳೆಯರು, ಕಣ್ಣುಮುಚ್ಚಿ ಹೋಗಬಲ್ಲ ದಾರಿ ಎಲ್ಲವೂ ಕೆಲಸದ ಜೊತೆಗೇ ಹೋದರೆ ಒಂಬತ್ತನೆಯ ಮಹಡಿಯಲ್ಲಿ ಉಳಿಯುವುದು ಟಿವಿ ಮಾತ್ರ. ಎರಡನ್ನೂ ಒಂದೇ ವರ್ಷದಲ್ಲಿ ಮಾಡಬೇಡಿ. ಮೊದಲ ವರ್ಷ ವಾರಕ್ಕೆ ಎರಡು ಮೂರು ದಿನ ಹೋಗಿ ಬನ್ನಿ.

ಶಿಕ್ಷಕಿಯರು, ನರ್ಸುಗಳ ವಿಷಯ ಬೇರೆ. ಅವರಿಗೆ ನಿವೃತ್ತಿಯೆಂದರೆ ಮನೆಗೆಲಸ, ಮೊಮ್ಮಗುವಿನ ಪಾಲನೆ, ಅತ್ತೆಯ ಆರೈಕೆ ಮೂರೂ ಪೂರ್ಣಾವಧಿಗೆ ಹೆಗಲೇರುವುದು. ದೇಹಕ್ಕೆ ಬಿಡುವಿಲ್ಲ, ತಲೆಗೆ ಹೊಸತೂ ಇಲ್ಲ, ಓರಗೆಯವರ ಜೊತೆ ಮಾತೂ ಇಲ್ಲ. ವಾರದಲ್ಲಿ ಕನಿಷ್ಠ ಮೂರು ಮಧ್ಯಾಹ್ನ ತಮ್ಮದೇ ಎಂದು ಮನೆಯವರೊಂದಿಗೆ ಮೊದಲೇ ಮಾತಾಡಿಕೊಳ್ಳಬೇಕು.

ಮೆಲ್ಲಗೆ ಇಳಿಯುವುದು

ತಲೆಯ ಕೆಲಸದವರಿಗೆ ನಾವು ಮೊದಲು ಸೂಚಿಸುವುದು ಇದನ್ನೇ. ಅರವತ್ತರ ನಂತರ ಪೂರ್ಣಾವಧಿಯ ಕೆಲಸವನ್ನು ವಾರಕ್ಕೆ 15ರಿಂದ 25 ಗಂಟೆಗೆ ಇಳಿಸುವುದು. ನಲವತ್ತು ದಾಟಿದ ಆಸ್ಟ್ರೇಲಿಯನ್ನರ ಮೇಲಿನ ಒಂದು ಅಧ್ಯಯನದಲ್ಲಿ ವಾರಕ್ಕೆ 25–30 ಗಂಟೆಯವರೆಗೆ ದುಡಿಮೆ ಬುದ್ಧಿಗೆ ಸಹಾಯಕವಾಗಿತ್ತು, ಅದರಾಚೆ ದಣಿವೇ ಮೇಲುಗೈಯಾಗಿತ್ತು. ಅಮೆರಿಕದ ಬಾಲ್ಟಿಮೋರ್‌ನಲ್ಲಿ ಹಿರಿಯರನ್ನು ವಾರಕ್ಕೆ 15 ಗಂಟೆ ಪ್ರಾಥಮಿಕ ಶಾಲೆಗಳಿಗೆ ಕಳಿಸಿ ಮಕ್ಕಳಿಗೆ ಓದು ಕಲಿಸುವ ಏರ್ಪಾಡು ಮಾಡಿದರು. ನಡಿಗೆ, ಜನ, ತಲೆಗೆ ಕೆಲಸ, ಮೂರೂ ಒಂದೇ ಚಟುವಟಿಕೆಯಲ್ಲಿ ಸಿಗುವಂತೆ ರೂಪಿಸಿದ್ದು ಅದರ ಜಾಣ್ಮೆ. ನಿವೃತ್ತ ಮೇಷ್ಟ್ರು ಪಕ್ಕದ ಸರ್ಕಾರಿ ಶಾಲೆಯಲ್ಲಿ ಹತ್ತನೆಯ ತರಗತಿಗೆ ಗಣಿತ ಹೇಳಿಕೊಡುವುದಕ್ಕೂ ಅದಕ್ಕೂ ವ್ಯತ್ಯಾಸವಿಲ್ಲ. ಹಾಲಿನ ಸಂಘದ ಲೆಕ್ಕ, ಸಹಕಾರ ಸಂಘದ ಆಡಿಟ್, ವಕೀಲರ ಕಚೇರಿಯಲ್ಲಿ ಕಂದಾಯ ದಾಖಲೆ ಓದಿಕೊಡುವುದು ಇವೆಲ್ಲ ಅನುಭವ ಬೇಡುವ ಕೆಲಸಗಳು.

ಎಲ್ಲಿ ಕೆಡುತ್ತದೆ? ಹಳೆಯ ಕೆಲಸವನ್ನೇ ಹಳೆಯ ರೀತಿಯಲ್ಲೇ ಯಾಂತ್ರಿಕವಾಗಿ ಮಾಡುವಾಗ. ಮೆದುಳಿಗೆ ಬೇಕಾದದ್ದು ಸ್ವಲ್ಪ ಕಷ್ಟವೆನಿಸುವ ಹೊಸತು. ಮೂವತ್ತು ವರ್ಷ ಮಾಡಿದ ಪದಬಂಧ ಅದನ್ನು ಕೊಡುವುದಿಲ್ಲ. ಗೊತ್ತಿಲ್ಲದ ಭಾಷೆಯ ಲಿಪಿ, ಹಾರ್ಮೋನಿಯಂ, ಮೊಬೈಲಿನಲ್ಲಿ ತೋಟದ ಲೆಕ್ಕ ಇಡುವುದು ಕೊಡುತ್ತವೆ. ಎರಡನೆಯ ತೊಡಕು ರಿಯಲ್ ಎಸ್ಟೇಟ್ ದಲ್ಲಾಳಿ, ಚೀಟಿ ವ್ಯವಹಾರಗಳಿಗೆ ಇಳಿಯುವುದು. ಅಲ್ಲಿ ತಲೆ ಓಡುತ್ತದೆ, ಆದರೆ ನಿದ್ದೆ ಹೋಗುತ್ತದೆ, ಗ್ರಾಚ್ಯುಟಿಯೂ ಹೋಗಬಹುದು.

ತಾರೀಖೇ ಇಲ್ಲದವರು

ಶಿಡ್ಲಘಟ್ಟದ ರೇಷ್ಮೆಯವರಿಗೆ, ತಿಪಟೂರಿನ ಕೊಬ್ಬರಿಯವರಿಗೆ, ಕೋಲಾರದ ಟೊಮೆಟೊ ರೈತರಿಗೆ ನಿವೃತ್ತಿಯ ಆದೇಶ ಬರುವುದಿಲ್ಲ. ಇಲ್ಲಿ ಪ್ರಶ್ನೆ ಯಾವ ಕೆಲಸವನ್ನು ಯಾವಾಗ ಮಕ್ಕಳಿಗೆ ಬಿಟ್ಟುಕೊಡಬೇಕು ಎಂಬುದು. ಸಾಮಾನ್ಯವಾಗಿ ಆಗುವುದು ತಲೆಕೆಳಗು: ಮಗ ಹಣ, ಮಾರುಕಟ್ಟೆ, ಫೋನು ವಹಿಸಿಕೊಳ್ಳುತ್ತಾನೆ; ಅಪ್ಪನಿಗೆ ಸೊಪ್ಪು ಹೊರುವುದು, ರಾತ್ರಿ ನೀರು ಬಿಡುವುದು ಉಳಿಯುತ್ತದೆ. ಇದನ್ನು ತಿರುಗಿಸಬೇಕು. ಭಾರ ಎತ್ತುವುದು, ಔಷಧಿ ಹೊಡೆಯುವುದು, ಟ್ರ್ಯಾಕ್ಟರ್ ಓಡಿಸುವುದು, ಅಟ್ಟ ಹತ್ತುವುದು ಇವನ್ನು ಅರವತ್ತೈದರ ಆಸುಪಾಸಿನಲ್ಲಿ ಮೊದಲು ಬಿಡಿ. ತಲೆಗೆ ಬೀಳುವ ಪೆಟ್ಟೂ ಡಿಮೆನ್ಷಿಯಾಗೆ ದಾರಿ. ರೇಷ್ಮೆಹುಳು ನಾಲ್ಕನೆಯ ಜ್ವರದಿಂದ (ಪೊರೆ ಕಳಚುವ ಹಂತದಿಂದ) ಎದ್ದ ಮೇಲೆ ಎಷ್ಟು ಸೊಪ್ಪು ಬೇಕು ಎಂಬ ಅಂದಾಜು, ಗೂಡಿನ ಗುಣ ನೋಡುವುದು, ಮಾರುಕಟ್ಟೆಯಲ್ಲಿ ದರ ಒಪ್ಪುವುದು ಬಿಡುವುದು, ಕೂಲಿ ಲೆಕ್ಕ ಬರೆಯುವುದು ಹಿರಿಯರ ಬಳಿಯೇ ಇರಲಿ. ಲೆಕ್ಕದ ಮೇಲೆ ಮಗನ ಕಣ್ಣೂ ಇದ್ದರೆ ಸಾಕು.

ತೀರ್ಮಾನಕ್ಕೆ ಮೊದಲು ಮಾಡಬೇಕಾದ್ದು

ಮರೆವಿನ ಭಯಕ್ಕೆ ಕೆಲಸ ಬಿಡಲು ಹೊರಟಿದ್ದರೆ ಮೊದಲು ವೈದ್ಯರ ಬಳಿ ಹೋಗಿ, ಆಮೇಲೆ ಅರ್ಜಿ. ಸರಿಪಡಿಸಬಹುದಾದ ಕಾರಣಗಳು ಬಹಳ. ವಿಟಮಿನ್ ಬಿ12 ಕೊರತೆ ಸಸ್ಯಾಹಾರಿಗಳಲ್ಲಿ, ಶುಗರ್‌ಗೆ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ನುಂಗಿದವರಲ್ಲಿ ಸಾಮಾನ್ಯ. ಥೈರಾಯ್ಡ್ ಕೊರತೆ, ಖಿನ್ನತೆ, ಗೊರಕೆಯೊಂದಿಗೆ ಉಸಿರು ಕಟ್ಟುವ ನಿದ್ದೆ, ನೆಗಡಿ ಮತ್ತು ನಿದ್ದೆಯ ಕೆಲವು ಮಾತ್ರೆಗಳು ಕೂಡ ತಲೆಯನ್ನು ಮಂಕಾಗಿಸುತ್ತವೆ. ಕಿವಿ ಪರೀಕ್ಷೆ ತಪ್ಪಿಸಬೇಡಿ. ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ ಆಯೋಗ 2024ರಲ್ಲಿ ಪಟ್ಟಿ ಮಾಡಿದ, ಡಿಮೆನ್ಷಿಯಾಗೆ ದಾರಿಯಾಗುವ ಆದರೆ ಬದಲಿಸಬಹುದಾದ 14 ಅಪಾಯಗಳಲ್ಲಿ ಕಿವುಡು ಪ್ರಮುಖವಾದದ್ದು. ದೃಷ್ಟಿ, ಬಿಪಿ, ಶುಗರ್, ಕೊಲೆಸ್ಟರಾಲ್, ಒಂಟಿತನ, ಕುಡಿತ, ಸಿಗರೇಟು ಅದೇ ಪಟ್ಟಿಯಲ್ಲಿವೆ. ನಿವೃತ್ತಿಯ ತಾರೀಖು ಆ ಪಟ್ಟಿಯಲ್ಲಿ ಇಲ್ಲ.

ನಂತರ ಒಂದು ತಿಂಗಳ ಪ್ರಯೋಗ ಮಾಡಿ. ನಿವೃತ್ತಿಯಲ್ಲಿ 300 ದಿನದವರೆಗೆ ನಗದಾಗುವ ಗಳಿಕೆ ರಜೆಯಲ್ಲಿ ಮೂವತ್ತನ್ನು ಖರ್ಚು ಮಾಡಲು ಮನಸ್ಸು ಬರುವುದಿಲ್ಲ, ಆದರೂ ಮಾಡಿ. ಆ ತಿಂಗಳು ಮದುವೆ, ಪ್ರವಾಸ, ಮನೆಗೆ ಬಣ್ಣ ಯಾವುದೂ ಬೇಡ. ಪ್ರತಿ ರಾತ್ರಿ ನಾಲ್ಕು ಸಾಲು ಬರೆಯಿರಿ: ಮನೆಯವರಲ್ಲದ ಎಷ್ಟು ಜನರೊಂದಿಗೆ ಎದುರುಬದುರು ಮಾತಾಡಿದೆ, ಎಷ್ಟು ನಿಮಿಷ ಬಿರುಸಾಗಿ ನಡೆದೆ, ತಲೆ ಕೆರೆದುಕೊಳ್ಳುವಂಥ ಕೆಲಸ ಏನಿತ್ತು, ಟಿವಿ-ಮೊಬೈಲು-ಹಗಲುನಿದ್ದೆ ಒಟ್ಟು ಎಷ್ಟು ಗಂಟೆ. ಮೊದಲ ಎರಡು ವಾರ ಬರೀ ಬಿಡುಗಡೆಯ ಸಂತೋಷ, ಅದನ್ನು ನಂಬಬೇಡಿ. ನಾಲ್ಕನೆಯ ವಾರದ ಸಾಲುಗಳನ್ನೇ ನೋಡಿ. ಮಾತಾಡಿದವರು ದಿನಕ್ಕೆ ಇಬ್ಬರಿಗಿಂತ ಕಡಿಮೆ, ಕೂತು ಕಳೆದದ್ದು ಐದು ಗಂಟೆಗಿಂತ ಹೆಚ್ಚು ಎಂದಾಗಿದ್ದರೆ ನಿಮ್ಮ ಏರ್ಪಾಡು ಇನ್ನೂ ಸಿದ್ಧವಾಗಿಲ್ಲ.

ನಡಿಗೆಗೆ ವಾರಕ್ಕೆ ಕನಿಷ್ಠ 150 ನಿಮಿಷ, ಮಾತಾಡಬಹುದು ಆದರೆ ಹಾಡಲಾಗದು ಎನ್ನುವಷ್ಟು ಬಿರುಸು. ತುಮಕೂರಿನ ಅಮಾನಿಕೆರೆ ಇದಕ್ಕೆ ಹೇಳಿಮಾಡಿಸಿದ ಜಾಗ. ಕೋಲಾರದ ಅಂತರಗಂಗೆ ಬೆಟ್ಟದ ಮೆಟ್ಟಿಲು ಮಂಡಿ ಗಟ್ಟಿಯಿದ್ದವರಿಗೆ ಮಾತ್ರ. ವಾರಕ್ಕೆ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಸೇರಿಸಿ: ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳುವುದರಿಂದ ಶುರು ಮಾಡಬಹುದು.

ಯಾವ ಮರೆವಿಗೆ ಹೆದರಬೇಕು

ಕನ್ನಡಕ ಎಲ್ಲಿಟ್ಟೆ, ಪರಿಚಿತರ ಹೆಸರೇನು ಎಂದು ತಡವರಿಸಿ ಆಮೇಲೆ ನೆನಪಾದರೆ ಅದು ವಯಸ್ಸು. ಕೈಯಲ್ಲಿ ಪಳಗಿದ ಕೆಲಸದ ಕ್ರಮ ತಪ್ಪಿದರೆ ಎಚ್ಚರಾಗಬೇಕು. ನಲವತ್ತು ವರ್ಷ ಮುದ್ದೆ ತಿರುವಿದ ಕೈ, ಎಸರು ಕುದಿಯುವ ಮೊದಲೇ ಹಿಟ್ಟು ಸುರಿದು, ಕೋಲು ಹಿಡಿದು ಮುಂದೇನೆಂದು ನಿಂತುಬಿಡುವುದು. ಹಾಲಿನವನಿಗೆ ಒಂದೇ ತಿಂಗಳ ದುಡ್ಡು ಎರಡು ಸಲ ಕೊಡುವುದು. ದಿನವೂ ಓಡಾಡುವ ಬಿ.ಎಚ್. ರಸ್ತೆಯಲ್ಲಿ ಮನೆಯ ತಿರುವು ಗೊತ್ತಾಗದಿರುವುದು. ಹಣದ ವಿವೇಚನೆ ಬಹಳ ಮೊದಲೇ ಸಡಿಲವಾಗುತ್ತದೆ. ಫೋನಿನಲ್ಲಿ 'ಡಿಜಿಟಲ್ ಅರೆಸ್ಟ್' ಎಂದು ಹೆದರಿಸುವವರಿಗೆ ನಿವೃತ್ತರು ಸಿಕ್ಕಿಬೀಳಲು ಅದೂ ಒಂದು ಕಾರಣ. ದೊಡ್ಡ ಮೊತ್ತ ಬರುವ ಮೊದಲೇ ಖಾತೆಯನ್ನು ಜಂಟಿ ಮಾಡಿ, ನಾಮಿನಿ ಬರೆಸಿ, ಯುಪಿಐ ಮಿತಿ ಇಳಿಸಿ, ದೊಡ್ಡ ಪಾವತಿಗೆ ಒಂದು ರಾತ್ರಿ ಕಳೆಯಲಿ ಎಂಬ ನಿಯಮವನ್ನು ಮನೆಮಂದಿಯೆಲ್ಲ ಒಪ್ಪಿಕೊಳ್ಳಿ.

ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಆರೋಗ್ಯ ಇಲಾಖೆ ಶುರು ಮಾಡಿದ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಮೊದಲು ಪ್ರಾಯೋಗಿಕವಾಗಿ ನಡೆದ ಜಿಲ್ಲೆಗಳಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಎರಡೂ ಇದ್ದವು. ಅಲ್ಲಿನ ಜಿಲ್ಲಾ ಆಸ್ಪತ್ರೆಯಲ್ಲಿ ಬ್ರೈನ್ ಹೆಲ್ತ್ ಕ್ಲಿನಿಕ್ ಯಾವ ದಿನ ಎಂದು ವಿಚಾರಿಸಿ. ತುಮಕೂರಿನವರು ಜಿಲ್ಲಾ ಆಸ್ಪತ್ರೆಯಿಂದಲೇ ಆರಂಭಿಸಿ, ಬೇಕಾದರೆ ನಿಮ್ಹಾನ್ಸ್‌ಗೆ ಚೀಟಿ ಬರೆಸಿಕೊಳ್ಳಬಹುದು. ಮನಸ್ಸು ಕುಗ್ಗಿದ್ದರೆ ಟೆಲಿ ಮಾನಸ್ 14416, ಹಿರಿಯರ ಬೇರೆ ತೊಂದರೆಗಳಿಗೆ ಎಲ್ಡರ್‌ಲೈನ್ 14567, ಎರಡೂ ಉಚಿತ. ಹೋಗುವಾಗ ನುಂಗುತ್ತಿರುವ ಮಾತ್ರೆಗಳ ಸ್ಟ್ರಿಪ್‌ಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಳ್ಳಿ. ಜೊತೆಗೆ, ಬದಲಾವಣೆಯನ್ನು ಹತ್ತಿರದಿಂದ ನೋಡಿದ ಒಬ್ಬರನ್ನು ಕರೆದುಕೊಂಡು ಹೋಗಿ. ಮರೆತದ್ದು ಏನು ಎಂಬುದನ್ನು ಮರೆತವರಿಗಿಂತ ಅವರೇ ಸರಿಯಾಗಿ ಹೇಳಬಲ್ಲರು.